ಮೂವತ್ತನೆಯವಳು

ನೆಬ್ರಾಸ್ಕಾದ ಆ ಊರಿನ ಸರಕಾರಿ ಮಾಧ್ಯಮಿಕ ಶಾಲೆಗೆ ಹೋದವರಿಗೆ ಮೊದಲು ಕಾಣುವ ಮುಖ ಲೋರೀನ್ ಶ್ವಾಬಾವರಳದು. ದಾಖಲಾತಿ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷಗಳಿಂದ ಅದೇ ಕುರ್ಚಿ. ಮೇಜಿನ ಕೆಳಗಿನ ಖಾನೆಯಲ್ಲಿ ಒಣ ಕಾಲುಚೀಲ, ಜಡೆಗೆ ಹಾಕುವ ರಬ್ಬರು, ಉಪ್ಪು ಬಿಸ್ಕತ್ತು. ತಿಂಡಿ ತಿನ್ನದೆ ಬಂದ ಮಗುವನ್ನು ಮುಖ ನೋಡಿಯೇ ಗುರುತಿಸಿ, ಏನೂ ಕೇಳದೆ ಬಿಸ್ಕತ್ತಿನ ಪೊಟ್ಟಣ ದಾಟಿಸುತ್ತಾಳೆ.

ಅವಳ ಅಮ್ಮ ಓದಿದ್ದು ಆರನೇ ತರಗತಿವರೆಗೆ. ಬೀಟ್ ಗಡ್ಡೆ ಕೀಳುವ ಕೆಲಸ ಮುಗಿಯುವ ತನಕ ಮನೆಯವರು ಮಕ್ಕಳನ್ನು ಹೊಲದಿಂದ ಬಿಡುತ್ತಿರಲಿಲ್ಲ. ನವೆಂಬರಿನಲ್ಲಿ ಹೋಗಿ ಕೂತರೆ ಉಳಿದವರು ಭಿನ್ನರಾಶಿ ಮುಗಿಸಿರುತ್ತಿದ್ದರು. "ನಂಗೆ ಲೆಕ್ಕ ಬರ್ತಿರ್ಲಿಲ್ಲ ಅಂತಲ್ಲ ಕಣೆ, ಹೇಳ್ಕೊಡೋವಾಗ ನಾನಲ್ಲಿ ಇರ್ತಿರ್ಲಿಲ್ಲ" ಎಂದು ಅಮ್ಮ ಸಾಯುವವರೆಗೂ ಹೇಳಿದಳು. ಲೋರೀನ್ ಈ ಕುರ್ಚಿಯನ್ನು ಹುಡುಕಿಕೊಂಡು ಬಂದದ್ದಕ್ಕೆ ಆ ಮಾತೂ ಒಂದು ಕಾರಣ.

ಈಗ ಊರು ನಡೆಯುವುದು ದನದ ಮಾಂಸದ ಕಾರ್ಖಾನೆಯಿಂದ. ಅಲ್ಲಿಗೆ ದುಡಿಯಲು ಬಂದ ಗ್ವಾಟೆಮಾಲಾದವರ, ಸೊಮಾಲಿಯದವರ, ಬರ್ಮಾದ ಕರೆನ್ ಜನದ ಮಕ್ಕಳು ಶಾಲೆಯಲ್ಲಿ ವರ್ಷವರ್ಷವೂ ಹೆಚ್ಚುತ್ತಿದ್ದರು. ರಾಜ್ಯದವರು ಪರೀಕ್ಷೆಯ ಅಂಕಗಳನ್ನು ಗುಂಪುಗುಂಪಾಗಿ ಬಿಡಿಸಿ ನೋಡುತ್ತಾರೆ: ಬಿಳಿಯರು, ಹಿಸ್ಪಾನಿಕರು, ಬಡವರು, ಇನ್ನೂ ಇಂಗ್ಲಿಷ್ ಕಲಿಯುತ್ತಿರುವವರು. ಗುಂಪಿನಲ್ಲಿ ಮೂವತ್ತು ಮಕ್ಕಳಿದ್ದರೆ ಮಾತ್ರ ಅದಕ್ಕೆ ಬೇರೆ ಲೆಕ್ಕ; ಆ ಗುಂಪು ಹಿಂದೆ ಬಿದ್ದರೆ ಇಡೀ ಶಾಲೆಯ ದರ್ಜೆ ಇಳಿಯುತ್ತದೆ. ಒಂದು ಮಗು ಕಡಿಮೆಯಾದರೂ ಕಾಗದದ ಮೇಲೆ ಆ ಗುಂಪೇ ಇಲ್ಲ. ಸೆಪ್ಟೆಂಬರಿನ ಕೊನೆಯ ಶುಕ್ರವಾರ ಎಣಿಕೆ. ಶಾಲೆ ಎರಡು ವರ್ಷದಿಂದ ಕೊನೆಯ ದರ್ಜೆಯಲ್ಲಿತ್ತು. ಮೂರನೆಯ ವರ್ಷವೂ ಹಾಗೇ ಆದರೆ ಹೆಡ್‌ಮಾಸ್ಟರನ ಜೊತೆಗೆ ಹನ್ನೊಂದು ಶಿಕ್ಷಕರ ಕೆಲಸವೂ ಹೋಗುತ್ತದೆ. ಇಂಗ್ಲಿಷ್ ಕಲಿಯುವವರ ಪಟ್ಟಿಯಲ್ಲಿ ಇದ್ದವರು ಇಪ್ಪತ್ತೊಂಬತ್ತು.

ಎಣಿಕೆಯ ಹಿಂದಿನ ದಿನ, ಗುರುವಾರ, ಕರೆನ್ ತಂದೆಯೊಬ್ಬ ಕಾರ್ಖಾನೆಯ ಪಾಳಿ ಮುಗಿಸಿ ಮಗಳನ್ನು ಕರೆದುಕೊಂಡು ಬಂದ. ಹುಡುಗಿ ಪಾ ವಾ, ಹನ್ನೆರಡು ವರ್ಷ. ಬೆನ್ನಿನ ಹೊಸ ಚೀಲದಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ಲೋರೀನ್ ಕತ್ತರಿ ತೆಗೆದು ಅದನ್ನು ಬಿಡಿಸಿಕೊಟ್ಟಳು. ಲಸಿಕೆಯ ಕಾಗದವೊಂದು ಬಿಟ್ಟು ಎಲ್ಲವೂ ಇದ್ದವು. ಅಂಥ ಮಕ್ಕಳನ್ನು ಅವಳು ಯಾವಾಗಲೂ ಮೊದಲು ತರಗತಿಗೆ ಕಳಿಸಿ, ಕಾಗದವನ್ನು ಆಮೇಲೆ ತರಿಸಿಕೊಳ್ಳುತ್ತಿದ್ದಳು.

ಈ ಸಲ ಫೈಲು ಹಿಡಿದು ಹೆಡ್‌ಮಾಸ್ಟರ್ ಟ್ರೆಂಟನ ಕೋಣೆಗೆ ಹೋದಳು. ಅವನೂ ಇದೇ ಶಾಲೆಯ ಹುಡುಗನೇ.

"ಲಸಿಕೆ ಕಾಗದ ಇಲ್ವಾ?" ಎಂದ.

"ನೀನು ಸೇರ್ದಾಗ್ಲೂ ಇರ್ಲಿಲ್ಲಪ್ಪ. ನಿಮ್ಮಮ್ಮ ಕ್ರಿಸ್ಮಸ್ ಆದ್ಮೇಲೆ ತಂದ್ಕೊಟ್ಲು."

ಟ್ರೆಂಟ್ ನಗಲಿಲ್ಲ. "ಸೋಮವಾರ ಬರೋಕೆ ಹೇಳಿ, ಲೋರೀನ್. ನಾಲ್ಕು ದಿನ ತಾನೆ. ನಿಯಮ ಇದೆಯಲ್ಲ."

"ನಿಯಮ ನಿಂಗೆ ಇವತ್ತು ನೆನಪಾಯ್ತಾ?"

"ಹನ್ನೊಂದು ಜನ. ಅವ್ರಲ್ಲಿ ಯಾರ್ಯಾರಿದ್ದಾರೆ ಅಂತ ನಿಮಗೂ ಗೊತ್ತು."

ಗೊತ್ತಿತ್ತು. ಅವರಲ್ಲೊಬ್ಬಳು ಲೋರೀನಳ ತಂಗಿಯ ಮಗಳು ಜೋಡಿ, ಏಳು ತಿಂಗಳ ಬಸುರಿ. ಲೋರೀನ್ ಕಿಟಕಿಗೆ ಮರಳಿ, ನಗುತ್ತಲೇ, "ಸೋಮವಾರ ಬನ್ನಿ" ಎಂದು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ತೋರಿಸಿದಳು. ತಂದೆ ಎರಡು ಸಲ ಧನ್ಯವಾದ ಹೇಳಿದ. ಗಂಟೆ ಹೊಡೆದು ಮಕ್ಕಳೆಲ್ಲ ಓಡಾಡತೊಡಗಿದ ಪಡಸಾಲೆಯನ್ನು ಹುಡುಗಿ ತಿರುಗಿ ತಿರುಗಿ ನೋಡುತ್ತ ಹೋದಳು.

ಸೋಮವಾರ ಅವರು ಬರಲಿಲ್ಲ. ಮಂಗಳವಾರ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಶಿಕ್ಷಕರ ಕೋಣೆಯಲ್ಲಿ ಆಟದ ಮೇಷ್ಟ್ರು ಡೋನಟ್ ತಂದಿಟ್ಟಿದ್ದ. "ಇಪ್ಪತ್ತೊಂಬತ್ತು, ನಮ್ಮ ಅದೃಷ್ಟದ ಸಂಖ್ಯೆ. ತಗೊಳ್ಳಿ ಲೋರೀನ್, ಯಾಕೆ, ಡಯಟ್ಟಾ?"

"ಹಲ್ಲುನೋವು" ಎಂದು ಅವಳು ಹೊರಗೆ ಬಂದಳು.

ಗುರುವಾರ ಊಟದ ಬಿಡುವಿನಲ್ಲಿ ಫೈಲಿನ ವಿಳಾಸ ಹಿಡಿದು ಕಾರು ಹತ್ತಿದಳು. ಊರಂಚಿನ ಟ್ರೇಲರ್ ಮನೆಗಳ ಸಾಲಿನಲ್ಲಿ ಬಾಗಿಲು ತೆರೆದದ್ದು ಪಾ ವಾ. ಸೊಂಟದ ಮೇಲೆ ಎಂಟು ತಿಂಗಳ ತಮ್ಮ. ಅವನ ಒಂದು ಕಾಲಿಗೆ ಮಾತ್ರ ಕಾಲುಚೀಲ. ತಂದೆ ರಾತ್ರಿ ಪಾಳಿ ಮುಗಿಸಿ ಒಳಗೆ ನಿದ್ದೆಯಲ್ಲಿದ್ದ.

"ಸೋಮವಾರ ಯಾಕೆ ಬರ್ಲಿಲ್ಲ ಮರಿ?"

ಹುಡುಗಿ ತಡವರಿಸಿದಳು. "ನೀವು ಬೇಡ ಅಂದ್ರಲ್ಲ, ಮಿಸ್."

"ನಾನೆಲ್ಲಿ ಅಂದೆ? ಸೋಮವಾರ ಬನ್ನಿ ಅಂದೆ."

"ನಿರಾಶ್ರಿತರ ಕ್ಯಾಂಪಿನ ಆಫೀಸಲ್ಲೂ ಹಂಗೇ ಅಂತಿದ್ರು, ಮಿಸ್. ಆಗಲ್ಲ ಅಂತ ಬಾಯಿಬಿಟ್ಟು ಹೇಳ್ತಿರ್ಲಿಲ್ಲ. ಮತ್ತೆ ಹೋಗಿ ಕೇಳಿದ್ರೆ ಅವ್ರಿಗೆ ಮುಜುಗರ, ಹೋಗಬಾರದು ಅಂತಾರೆ ಅಪ್ಪ." ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ನಾನು ಮನೇಲೇ ಇರ್ತೀನಲ್ಲ, ಅದಕ್ಕೆ ಅಮ್ಮನೂ ಹಗಲು ಕೆಲಸಕ್ಕೆ ಸೇರ್ಕೊಂಡ್ರು."

ಲೋರೀನ್ ಮೆಟ್ಟಿಲ ಮೇಲೆ ಕೂತು ಮಗುವನ್ನು ತೊಡೆಗೆ ಎಳೆದುಕೊಂಡಳು. ಕೈಚೀಲದಿಂದ ಕಾಲುಚೀಲ ತೆಗೆದು ಹಾಕಿದರೆ ಅದು ಮಗುವಿನ ತೊಡೆಯವರೆಗೂ ಬಂತು. ಹುಡುಗಿ ನಕ್ಕಳು. ಲೋರೀನಳಿಗೆ ನಗು ಬರಲಿಲ್ಲ. ತನ್ನ ಅಮ್ಮನನ್ನಾದರೂ ತಡೆದದ್ದು ಹೊಲ. ಈ ಹುಡುಗಿಯನ್ನು ತಡೆದದ್ದು ತಾನೇ ಕೂರುವ ಕಿಟಕಿ.

ತಂದೆಯನ್ನು ಎಬ್ಬಿಸಿ, ಮಗಳ ಬಾಯಿಂದಲೇ ಅವನಿಗೆ ತಿಳಿಹೇಳಿಸಿದಳು. ಮಗುವನ್ನು ನೋಡಿಕೊಳ್ಳಲು ಚರ್ಚಿನ ಮೂಲಕ ಕರೆನ್ ಅಜ್ಜಿಯೊಬ್ಬಳನ್ನು ಗೊತ್ತುಮಾಡಿದಳು. ಇಷ್ಟಕ್ಕೇ ಮತ್ತೆ ಕೆಲವು ದಿನ ಹಿಡಿದವು. ಮುಂದಿನ ಬುಧವಾರ ಪಾ ವಾ ಏಳನೇ ತರಗತಿಯಲ್ಲಿ ಹೋಗಿ ಕೂತಳು.

ಎಣಿಕೆಗೆ ತಿದ್ದುಪಡಿ ಕಳಿಸಲು ಶುಕ್ರವಾರದವರೆಗೆ ಅವಕಾಶವಿತ್ತು. 'ಮೊದಲು ಬಂದ ದಿನ' ಎಂಬಲ್ಲಿ ಲೋರೀನ್ ಆ ಮೊದಲ ಗುರುವಾರದ ತಾರೀಕು, ಸೆಪ್ಟೆಂಬರ್ 29, ತುಂಬಿ, ಕಳಿಸುವ ಮೊದಲು ಟ್ರೆಂಟನ ಬಾಗಿಲಲ್ಲಿ ನಿಂತಳು.

"ಮೂವತ್ತಾಯ್ತು."

ಅವನು ಪೆನ್ನು ಕೆಳಗಿಟ್ಟ. "ಅವಳು ಬಂದಿದ್ದು ಇವತ್ತು, ಲೋರೀನ್."

"ಅವತ್ತೇ ಬಂದಿದ್ಲು. ನಾನು ವಾಪಸ್ ಕಳಿಸ್ದೆ. ನೀನು ಹೇಳ್ದೆ ಅಂತ ಎಲ್ಲೂ ಬರೆಯಲ್ಲ, ಹೆದರ್ಬೇಡ."

ಅವನು ಪೆನ್ನನ್ನು ಮತ್ತೆ ಎತ್ತಿಕೊಂಡ. ಆಮೇಲೆ, "ಜೋಡಿಗೆ ಯಾರು ಹೇಳ್ತಾರೆ?" ಎಂದ.

"ನಾನೇ. ಭಾನುವಾರ ಊಟಕ್ಕೆ ಬರ್ತಾಳೆ."

ಕುರ್ಚಿಗೆ ಮರಳಿ ಗುಂಡಿ ಒತ್ತಿದಳು. ಆ ಹಳೆಯ ತಾರೀಕಿನಿಂದಾಗಿ ಪಾ ವಾಳ ಹೆಸರಿನ ಮುಂದೆ ಒಂಬತ್ತು ದಿನದ ಗೈರುಹಾಜರಿ ಕೆಂಪಾಗಿ ಎದ್ದು ನಿಂತಿತು. ಕಾರಣ ಕೇಳುವ ಪಟ್ಟಿಯಲ್ಲಿ ಜ್ವರವಿತ್ತು, ಹಿಮವಿತ್ತು, ಮನೆಯಲ್ಲಿ ಸಾವು ಇತ್ತು. ಅವಳಿಗೆ ಬೇಕಾದದ್ದು ಇರಲಿಲ್ಲ. ಖಾಲಿ ಜಾಗದಲ್ಲಿ ತಾನೇ ಬರೆದಳು: 'ಶಾಲೆಯವರು ವಾಪಸ್ ಕಳಿಸಿದ್ದು.' ಒಂದೊಂದು ದಿನಕ್ಕೂ ಬೇರೆ ಬೇರೆ ಬರೆಯಬೇಕಿತ್ತು. ಒಂಬತ್ತು ಸಲ ಬರೆದಳು.

ಅಷ್ಟರಲ್ಲಿ ಪ್ರಿಂಟರು ತಂದೆತಾಯಿಗೆ ಹೋಗಬೇಕಾದ ಎಚ್ಚರಿಕೆಯ ಪತ್ರವನ್ನು ತಾನಾಗಿಯೇ ಹೊರಹಾಕಿತ್ತು. ಅದನ್ನು ಮಡಚಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಎಲೆಕೋಸು ಮತ್ತು ಮಾಂಸ ತುಂಬಿದ ಬನ್ನು ಎಂದರೆ ಜೋಡಿಗೆ ಇಷ್ಟ. ಅದಕ್ಕೆ ಹಿಟ್ಟನ್ನು ಶನಿವಾರವೇ ನಾದಿಡಬೇಕಿತ್ತು.