ನನ್ನ ಬೆನ್ನಿನ ಅಚ್ಚು

ಶಿರಸಿ–ಯಲ್ಲಾಪುರ ರಸ್ತೆಯಲ್ಲಿ ಅರ್ಧ ಆಯುಷ್ಯ ಬಾಡಿಗೆ ಟೆಂಪೋ ಓಡಿಸಿದವನು ನಾನು. ಬೆನ್ನುಮೂಳೆಯ ಬಿಲ್ಲೆ ಜಾರಿದೆ, ಇನ್ನು ಸ್ಟೇರಿಂಗ್ ಮುಟ್ಟಬಾರದು ಎಂದರು ಡಾಕ್ಟರು. ಟೆಂಪೋ ಮಾರಿದೆ. ಕಷ್ಟ ಶುರುವಾದದ್ದು ಆಮೇಲೆ. ಬೆಳಗಿನ ಟ್ರಿಪ್ಪಿನ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತಿತ್ತು, ಹೋಗಲಿಕ್ಕೆ ಜಾಗವಿರುತ್ತಿರಲಿಲ್ಲ. ಮನೆಯ ಯಾವ ಕುರ್ಚಿಯೂ ಬೆನ್ನಿಗೆ ಒಗ್ಗಲಿಲ್ಲ. ಕೂತರೆ ಸೊಂಟದಲ್ಲಿ ಯಾರೋ ಹಿಂಡಿದಂತಾಗುತ್ತಿತ್ತು. ಎದ್ದರೆ ಮತ್ತೆ ಕೂರಬೇಕು ಅನ್ನಿಸುತ್ತಿತ್ತು. ಜಗಲಿಗೂ ಗೇಟಿಗೂ ಅಲೆದು ಅಲೆದು ಹೆಂಡತಿಯ ತಲೆ ತಿಂದೆ.

"ಹಿಂಗೆ ಸುತ್ತಡಿ ಮಾರಾಯ್ರೆ, ಎಂಗೆ ತಲೆ ತಿರುಗ್ತು. ನಿಮ್ಮ ಬೆನ್ನಿಗೆ ಸರಿ ಅಪ್ಪಂಥ ಒಂದು ಕುರ್ಚಿ ಮಾಡ್ಸಿ," ಎಂದಳು ಅವಳು.

ಶಿರಸಿಯಲ್ಲಿ ಬನವಾಸಿ ಕಡೆಯ ಹೆಂಗಸೊಬ್ಬರು ಫರ್ನಿಚರ್ ಕಾರ್ಖಾನೆ ನಡೆಸುತ್ತಾರೆ. ನನಗಿಂತ ಚಿಕ್ಕವರು, ತಂದೆಯಿಂದ ಕೆಲಸ ಕಲಿತವರು. ಬಾಗಿದ ಕುರ್ಚಿ, ಸೋಫಾಗಳೇ ಅವರ ಹೆಚ್ಚುಗಾರಿಕೆ. ಆರ್ಡರ್ ಕೊಡಲು ಹೋದ ನಾನು ಅಲ್ಲೂ ನಿಂತಲ್ಲಿ ನಿಲ್ಲದೆ ಸಾಮಾನು ಮುಟ್ಟುತ್ತ ಓಡಾಡಿದೆ. ಅವರು ಸ್ವಲ್ಪ ಹೊತ್ತು ನೋಡಿ ನಕ್ಕರು.

"ಅಣ್ಣಾ, ನಿಮ್ಮ ಬೆನ್ನು ಹೆಂಗೈತಿ ಅಂತ ನಂಗ ಹೆಂಗ ಗೊತ್ತಾಗಬೇಕ್ರಿ? ಹೆಂಗೂ ಖಾಲಿ ಅದೀರಿ. ನೀವ ಮಾಡ್ರಿ, ನಾ ತೋರಸ್ತೀನಿ."

ದಪ್ಪ ಹಲಗೆಯನ್ನು ಬಗ್ಗಿಸಿದರೆ ಸೀಳುತ್ತದೆ. ಅದಕ್ಕೆ ರಟ್ಟಿನಷ್ಟು ತೆಳುವಾದ ಮರದ ಹಾಳೆಗಳಿಗೆ ಅಂಟು ಬಳಿದು, ಒಂದರ ಮೇಲೊಂದಿಟ್ಟು, ಬಾಗಿದ ಅಚ್ಚಿನ ಮೇಲೆ ಕ್ಲಾಂಪು ಹಾಕಿ ಬಿಗಿಯಬೇಕು. ಅಂಟು ಪೂರ್ತಿ ಒಣಗಿದ ಮೇಲೆ ಬಿಚ್ಚಿದರೆ ಆ ಬಾಗು ಹಾಗೆಯೇ ಉಳಿಯುತ್ತದೆ. ಕೊನೆಗೆ ಮೇಲಿನಿಂದ ಸಾಗವಾನಿಯ ತೆಳು ಹೊದಿಕೆ, ಅಂದರೆ ವೆನಿಯರ್, ಅಂಟಿಸಿದರೆ ಒಂದೇ ಮರದಿಂದ ಕಡೆದಂತೆ ಕಾಣುತ್ತದೆ. ಕೇಳಿದಾಗ ಇಷ್ಟೇ ತಾನೇ ಅನ್ನಿಸಿತು.

ಮೊದಲು ಅಚ್ಚು ಆಗಬೇಕು. ನನ್ನ ಬೆನ್ನಿನ ಅಳತೆ ತೆಗೆದದ್ದು ಹೆಂಡತಿ. ಮೆತ್ತನೆಯ ದಪ್ಪ ತಂತಿಯೊಂದನ್ನು ಕುತ್ತಿಗೆಯಿಂದ ಸೊಂಟದವರೆಗೆ ಒತ್ತಿ ಒತ್ತಿ ಬಗ್ಗಿಸಿದಳು.

"ಅಲ್ಲಾಡಡಿ."

"ಆನು ಅಲ್ಲಾಡ್ತಾ ಇಲ್ಲೆ."

"ಉಸಿರೂ ಬಿಡಡಿ ಹಂಗಾರೆ." ಸೊಂಟದ ಹತ್ತಿರ ಅವಳ ಕೈ ನಿಂತಿತು. "ಇಲ್ಲಿ ಇಷ್ಟು ಒಳಗೆ ಹೋಯ್ದಲ್ರೋ! ಎಂಗೆ ಗೊತ್ತೇ ಇತ್ತಿಲ್ಲೆ." ಆಮೇಲೆ ಅವಳು ತಮಾಷೆ ಮಾಡಲಿಲ್ಲ. ತಂತಿಯನ್ನು ಹಳೆಯ ಕ್ಯಾಲೆಂಡರಿನ ಬೆನ್ನಿಗಿಟ್ಟು ನಿಧಾನವಾಗಿ ಗೆರೆ ಎಳೆದಳು.

ಕಾರ್ಖಾನೆಯಲ್ಲಿ ಆ ಗೆರೆಯಂತೆ ನಾನೂ ಆ ಹೆಂಗಸೂ ಮರದ ಅಚ್ಚು ಕೊಯ್ದೆವು. ಅಂಟು ಬಳಿದು, ಕ್ಲಾಂಪು ಬಿಗಿದು ಮುಗಿಸಿದಾಗ ನನಗೆ ಬೆವರು. "ಇನ್ನು ನಾಳೆ ಮಧ್ಯಾಹ್ನದ ತನಕ ಮುಟ್ಟಬ್ಯಾಡ್ರಿ," ಎಂದು ಹೇಳಿ ಅವರು ಮನೆಗೆ ಹೋದರು. ಬೆಳಿಗ್ಗೆ ಕೆಲಸದವರು ಬಾಗಿಲು ತೆಗೆಯುವಾಗಲೇ ನಾನು ಅಲ್ಲಿದ್ದೆ. ಚಾ ಕುಡಿದು ಬಂದೆ. ಪೇಟೆ ಸುತ್ತಿ ಬಂದೆ. ಹೊರಗೆ ಇಣುಕಿದ ಅಂಟನ್ನು ಉಗುರಿನಿಂದ ಕೆರೆದು ನೋಡಿದೆ, ಗಟ್ಟಿಯಾಗಿತ್ತು. ಬಿಚ್ಚಿಯೇಬಿಟ್ಟೆ. ಒಳಗಿನ ಅಂಟು ಇನ್ನೂ ಹಸಿ. ಪದರಗಳು ಒಂದರ ಮೇಲೊಂದು ಜಾರಿ, ನನ್ನ ಕಣ್ಣೆದುರೇ ಬಾಗು ಮೆಲ್ಲಗೆ ನೆಟ್ಟಗಾಯಿತು.

ಅವರು ಬಂದು ನೋಡಿ ಬೈಯಲಿಲ್ಲ. "ಮರಕ್ಕೂ ನಿಮ್ಮಂಗ ಒಂದ ಕಡೆ ಇರಾಕ ಮನಸ್ಸಿಲ್ರಿ ಅಣ್ಣಾ. ಹಿಡದು ಕುಂದರಸಬೇಕು."

ಎರಡನೆಯ ಸಲ ಕ್ಲಾಂಪು ಬಿಗಿದದ್ದೇ ತಡ, ಅವರು ಕಾರ್ಖಾನೆಗೆ ಬೀಗ ಹಾಕಿ ನನ್ನನ್ನು ಸೋಫಾ ಹೇರಿದ ಗಾಡಿಯಲ್ಲಿ ಕೋಲಸಿರ್ಸಿಗೆ ಕಳಿಸಿದರು. ಓಡಿಸುವುದಕ್ಕಲ್ಲ, ಪಕ್ಕದಲ್ಲಿ ಕೂರುವುದಕ್ಕೆ! ಡ್ರೈವರ್ ಗೇರು ಬದಲಿಸಿದ್ದೂ ಹಾರ್ನ್ ಹಾಕಿದ್ದೂ ಯಾವುದೂ ನನಗೆ ಸರಿಕಾಣಲಿಲ್ಲ. ಪ್ರತಿ ತಿರುವಿಗೂ ಇಲ್ಲದ ಬ್ರೇಕನ್ನು ನನ್ನ ಬಲಗಾಲು ಒತ್ತುತ್ತಿತ್ತು. ಸೋಫಾ ಇಳಿಸಿದ ಮೇಲೆ ಅವನು ಸಿದ್ದಾಪುರಕ್ಕೆ ಹೋಗಿ ಊಟ ಮಾಡೋಣ ಎಂದ. ನಾನು ಎರಡು ತುತ್ತು ತಿಂದು ಎದ್ದೆ. ತಲೆಯಲ್ಲಿ ಆ ಕ್ಲಾಂಪುಗಳೇ.

ಮರುದಿನ ಮಧ್ಯಾಹ್ನ ಅವರೇ ಕರೆದರು. ಕ್ಲಾಂಪುಗಳನ್ನು ಒಂದೊಂದಾಗಿ ಸಡಿಲಿಸಿದೆ. ಅಚ್ಚಿನಿಂದ ಎತ್ತಿದರೂ ಬಾಗು ಕದಲಲಿಲ್ಲ. ಉಗುರಿನಿಂದ ತಟ್ಟಿ ತಟ್ಟಿ ಕೇಳಿದೆವು. ಒಂದು ಮೂಲೆಯಲ್ಲಿ ಮಾತ್ರ ಟೊಳ್ಳು ಸದ್ದು, ಅಲ್ಲಿ ಅಂಟು ಹಿಡಿದಿರಲಿಲ್ಲ. "ಇರ್ಲಿ ಬಿಡ್ರಿ, ಅದನ್ನ ಕೊಯ್ದು ತಗೀಬಹುದು," ಎಂದರು. ಆ ಮೂಲೆಗೆ ನಾನೇ ಪೆನ್ಸಿಲ್ಲಿನಿಂದ ಗುರುತು ಹಾಕಿದೆ.

ವೆನಿಯರ್ ಹಾಕಿ, ಕಾಲು ಕೂಡಿಸಿ, ಪಾಲಿಶ್ ಒಣಗಿಸಿ ಕುರ್ಚಿ ಮನೆಗೆ ತಂದೆ. ಕೂತೆ. ಸೊಂಟದ ಆ ಕುಳಿಗೆ ಮರ ಬಂದು ಆತುಕೊಂಡಿತು. ಎಷ್ಟೋ ತಿಂಗಳ ಮೇಲೆ ಒಂದು ಲೋಟ ಚಾ ಏಳದೆ ಕುಡಿದು ಮುಗಿಸಿದೆ.

ಹೆಂಡತಿ ನನ್ನನ್ನು ಎಬ್ಬಿಸಿ ತಾನು ಕೂತಳು. ಹಿಂದೆ ಸರಿದಳು, ಮುಂದೆ ಸರಿದಳು, ಕೊನೆಗೆ ಎದ್ದಳು.

"ಇದು ನಿಮ್ಗೇ ಸೈ. ಎಂಗೆ ಎಲ್ಲೆಲ್ಲೋ ಚುಚ್ತು."

ನಾನು ಆಗಲೇ ಅವಳ ಬೆನ್ನಿನ ಅಳತೆಗೆ ತಂತಿ ಹುಡುಕಲು ಒಳಗೆ ಹೊರಟಿದ್ದೆ. "ಇವತ್ತೇ ಬ್ಯಾಡ್ರೋ, ಕೂತ್ಕಳಿ!" ಎಂದು ಅವಳು ಹಿಂದಿನಿಂದ ಕೂಗುತ್ತಿದ್ದಳು.