ಬಚ್ಚಲ ಗುಂಡಿಯ ಬಂಗಾರ

ದಾರ ಪೋಣಿಸುವುದೂ ಒಂದು ಉದ್ಯೋಗವೇ ಎಂದು ಹುಬ್ಬಳ್ಳಿಯ ಪೇಟೆಯಲ್ಲಿ ನಿಂತು ಕೇಳಿದವನು ನಾನು. ಕೇಳಿಸಿಕೊಂಡವನು ಆಭರಣಗಳಿಗೆ ದಾರ ಹಾಕಿಕೊಡುವ ಪಟವೇಗಾರ. ಕಾಲಿನ ಹೆಬ್ಬೆರಳಿಗೆ ರೇಷ್ಮೆಯ ಎಳೆ ಸಿಕ್ಕಿಸಿ ಹೊಸೆಯುತ್ತಿದ್ದವನು ತಲೆ ಎತ್ತಲಿಲ್ಲ. ನಾನಾದರೋ ರೈಲ್ವೆ ಕಾರ್ಖಾನೆಯ ಫಿಟ್ಟರ್. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟಿದ್ದರೇನಂತೆ, ಅರ ಹಿಡಿದರೆ ಹಿತ್ತಾಳೆಯನ್ನು ಕೂದಲೆಳೆಯ ಲೆಕ್ಕದಲ್ಲಿ ತಿಕ್ಕಬಲ್ಲೆ. ಹೆಂಡತಿ ನೀಲವ್ವನ ತಾಳಿಯ ದಾರ ಸವೆದಾಗ ಹೊಸದನ್ನು ನಾನೇ ಪೋಣಿಸಿ, ಎಂಜಿನ್ ಎಳೆದರೂ ಬಿಚ್ಚದಂಥ ಗಂಟು ಹಾಕಿದೆ.

ಗಂಟು ಎಂಟು ದಿನ ಬಾಳಿತು. ಬಟ್ಟೆ ಒಗೆಯುವ ಕಲ್ಲಿನ ಬಳಿ ಬಂಗಾರದ ಗುಂಡುಗಳು ಚೆಲ್ಲಿದವು. ಮಿಕ್ಕವು ಸಿಕ್ಕವು, ಒಂದು ಮಾತ್ರ ನೀರಿನ ಜೊತೆ ಬಚ್ಚಲ ಗುಂಡಿ ಸೇರಿತು. ನೀಲವ್ವನ ಅವ್ವ ಕೊನೆಗಾಲದಲ್ಲಿ ಮಗಳ ಕೈಗೆ ಕೊಟ್ಟಿದ್ದ ಗುಂಡು ಅದು. ಎರಡು ದಿನ ಕೆಸರನ್ನೆಲ್ಲ ತೋಡಿ ಜರಡಿ ಹಿಡಿದೆ. ಜರಡಿಯ ಮೇಲೆ ಉಳಿದದ್ದು ಹುಣಸೆಬೀಜ. ನೀಲವ್ವ ಊಟಕ್ಕೆ ಕೂಡಲಿಲ್ಲ.

ಮೂರನೆಯ ದಿನ ಅವಳೇ ಫಕೀರವ್ವನನ್ನು ಕರೆತಂದಳು. ಅಕ್ಕಸಾಲಿಗರ ಅಂಗಡಿಯ ಮುಂದಿನ ಕಸ ಗುಡಿಸಿ, ತೊಳೆದು, ಅದರೊಳಗಿನ ಬಂಗಾರದ ಕಣ ತೆಗೆದು ಬದುಕುವ ಮುದುಕಿ. ನನ್ನ ಹಳೆಯ ಪ್ರಶ್ನೆ ಮತ್ತೆ ನಾಲಿಗೆಯ ತುದಿಗೆ ಬಂತು. ನೀಲವ್ವನ ಮುಖ ನೋಡಿ ನುಂಗಿಕೊಂಡೆ.

ಫಕೀರವ್ವ ಜರಡಿ ಎತ್ತಿ ನೋಡಿದಳು. "ಯಪ್ಪಾ, ಇದರ ತೂತು ನಿಮ್ಮ ಗುಂಡಿನಕಿಂತ ದೊಡ್ಡದೈತಲ್ರಿ!"

ಕೂದಲೆಳೆ ಅಳೆಯುವ ನಾನು ತೂತು ಅಳೆದಿರಲಿಲ್ಲ.

"ನೀವು ಬಂಗಾರ ಹುಡಕಿದ್ರಿ, ಅದಕ್ಕ ಸಿಗಲಿಲ್ಲ. ಬಂಗಾರ ಅಲ್ಲದ್ದನ್ನ ಕಳಸಬೇಕ್ರಿ. ಸರೀರಿ, ಬೆಳಕ ಬಿಡ್ರಿ."

ದೋಣಿಯಂತೆ ಕೊರೆದ ಮರದ ಮರಿಗೆಯಲ್ಲಿ ನಾನು ಸೋಸಿ ಚೆಲ್ಲಿದ್ದ ಕೆಸರನ್ನೇ ತುಂಬಿ, ನೀರು ಹೊಯ್ದು ತೂಗತೊಡಗಿದಳು. ಕೂಸಿನ ತೊಟ್ಟಿಲನ್ನೂ ಯಾರೂ ಅಷ್ಟು ಮೆಲ್ಲಗೆ ತೂಗಿದ್ದನ್ನು ನಾನು ಕಂಡಿಲ್ಲ. ಹಗುರಾದದ್ದು ಅಂಚು ದಾಟಿ ಹೋಗುವುದು, ಭಾರವಾದದ್ದು ತಳ ಹಿಡಿಯುವುದು. ಅವಳ ಕಣ್ಣು ಎಲ್ಲೋ ಗೋಡೆಯ ಮೇಲಿತ್ತು. ತೂಕವೆಲ್ಲ ಅಂಗೈಗೇ ತಿಳಿಯುತ್ತಿತ್ತು. ಅಂಥ ಯಂತ್ರ ನಮ್ಮ ಕಾರ್ಖಾನೆಯಲ್ಲಿ ಇಲ್ಲ. ನಮ್ಮ ಪೇಟೆಯಲ್ಲೇ ಹತ್ತಿಯ ಎಳೆಯನ್ನು ಬೆರಳಲ್ಲಿ ಜಗ್ಗಿ, ಅದು ಯಾವ ಹೊಲದ ಬೆಳೆ ಎಂದು ಹೇಳುವವರಿದ್ದಾರೆಂದು ಕೇಳಿದ್ದೆ, ನಂಬಿರಲಿಲ್ಲ. ಆ ಹೊತ್ತು ಅದನ್ನೂ ನಂಬಿದೆ.

ಏಳನೆಯ ಸಲ ಮರಿಗೆ ನಿಂತಿತು. ಫಕೀರವ್ವ ಗುಂಡನ್ನೆತ್ತಿ ನೀಲವ್ವನ ಅಂಗೈಯಲ್ಲಿಟ್ಟಳು. ನೀಲವ್ವ ಕಣ್ಣಿಗೊತ್ತಿಕೊಂಡು ಅಲ್ಲೇ ಕುಳಿತುಬಿಟ್ಟಳು.

ಮರಿಗೆಯ ತಳದಲ್ಲಿ ಇನ್ನೂ ಒಂದು ಹಳದಿ ಗೆರೆ ಮಿನುಗುತ್ತಿತ್ತು. "ಇದೂ ಬಂಗಾರ ಏನಬೇ?" ಎಂದೆ, ಆಸೆಯಿಂದ.

"ಹಿತ್ತಾಳಿ ಪುಡಿರಿ. ನಿಮ್ಮ ಅಂಗಿ ಒಗದ ನೀರಾಗ ಬಂದದ್ದು. ಎಷ್ಟ ವರ್ಷದ ದುಡಿಮಿ ಐತ್ಯೋ ಯಪ್ಪಾ!"

ನನ್ನ ಮೈಯಿಂದ ಉದುರಿದ ಕೆಲಸವನ್ನು ತೊಳೆದು ನನಗೇ ತೋರಿಸಿದವರು ಅಲ್ಲಿಯತನಕ ಯಾರೂ ಇರಲಿಲ್ಲ.

ಸಂಜೆ ಗಂಡ ಹೆಂಡತಿ ಪಟವೇಗಾರನಲ್ಲಿಗೆ ಹೋದೆವು. ಅವನು ಹಳೆಯ ಗಂಟನ್ನು ಬೆಳಕಿಗೆ ಹಿಡಿದ. "ಇದನ್ನ ಯಾರ ಹಾಕಿದ್ರವಾ ತಂಗಿ?"

ನೀಲವ್ವ ನನ್ನ ಕಡೆ ನೋಡಿದಳು.

"ನಾನ ರೀ," ಎಂದೆ.

"ಹೌದನ್ರಿ? ಹಂಗಾರ ಇಲ್ಲೇ ಕೂಡ್ರಿ. ಇದೂ ಒಂದು ಉದ್ಯೋಗ ಹೌದೋ ಅಲ್ಲೋ, ನೋಡೀರಂತ."

ಅವನು ಮರೆತಿರಲಿಲ್ಲ. ಚಪ್ಪಲಿ ಕಳಚಿ, ಎಳೆ ಸಿಕ್ಕಿಸಿಕೊಂಡ ಅವನ ಹೆಬ್ಬೆರಳಿನ ಎದುರು ಕುಳಿತೆ. ನಾಲ್ಕನೆಯ ಇಯತ್ತೆ ಬಿಟ್ಟ ಮೇಲೆ ಹಾಗೆ ಕೈಕಟ್ಟಿ ಕುಳಿತದ್ದು ಅದೇ ಮೊದಲು.