ಏಡಿಗೆ ಅರಿಶಿನ

ಇವತ್ತು ಬೆಳಿಗ್ಗೆ ಕೋಳಿಮಾಂಸಕ್ಕೆ ಅರಿಶಿನ, ಉಪ್ಪು ಸವರಿ ತೊಳೆಯುತ್ತಿದ್ದಾಗ, ಆ ಹಸಿ ವಾಸನೆಗೆ ಒಬ್ಬಳೇ ನಕ್ಕೆ. ನೀವೂ ನಗಬಹುದು, ಕೇಳಿ.

ಕಳೆದ ಬೇಸಿಗೆಯಲ್ಲಿ ಕುಂದಾಪುರದಿಂದ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಕಡಲಾಚೆಯ ಸಮರ್‌ಸೆಟ್‌ನ ನಮ್ಮ ಮನೆಗೆ ಬಂದಿದ್ದರು. ಮೈಸೂರಿನವಳಾದ ನಾನು ಮಾಡುವ ಮೀನು ಸಾರನ್ನು ಅವರು ಬಯ್ಯಲಿಲ್ಲ. ಬಡಿಸಿದಷ್ಟು ತಿಂದು ಸುಮ್ಮನೆ ಎದ್ದು ಹೋಗುತ್ತಿದ್ದರು. ಬೈದಿದ್ದರೇ ವಾಸಿಯಿತ್ತು. ಐದು ತಿಂಗಳು ಹೀಗೇ ಕಳೆದು, "ಇನ್ನೊಂದ್ ಸಲ ನನ್ನ ಇಲ್ಲಿಗ್ ಕರಿಬ್ಯಾಡಿ" ಎಂದು ಮಗನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಕಡಲೂರಿನ ಅವರಿಗೆ ಏಡಿಯೆಂದರೆ ಪ್ರಾಣ. ಹೊರಡುವ ಮುನ್ನ ಅವರಿಗೆ ನಾನೇ ಜೀವಂತ ಏಡಿ ಹಿಡಿದು, ಸಾರು ಮಾಡಿ ತಿನ್ನಿಸಿಯೇ ತೀರುತ್ತೇನೆಂದು ಹಟ ತೊಟ್ಟೆ.

ಏಡಿ ಹಿಡಿಯುವುದನ್ನು ವಿಡಿಯೋ ನೋಡಿ ಕಲಿಯಹೊರಟವಳು ನಾನು. ಮೊದಲು ತರಿಸಿದ್ದು ಒಂದು ಉರುಳು: ಮೇವು ತುಂಬುವ ಪುಟ್ಟ ತಂತಿಪೆಟ್ಟಿಗೆ, ಅದರ ಸುತ್ತ ಆರು ಕುಣಿಕೆ. ಗಾಳದ ಕೋಲಿಗೆ ಕಟ್ಟಿ ದಡದಿಂದ ಬೀಸಿ ಎಸೆದರೆ ಏಡಿಯ ಕಾಲು ಸಿಕ್ಕಿಕೊಳ್ಳುತ್ತದಂತೆ. ಅಭ್ಯಾಸಕ್ಕೆಂದು ಹಿತ್ತಲಲ್ಲಿ ಎಸೆದೆ. ಪಕ್ಕದ ಮನೆಯ ಬೇಲಿ ಸಿಕ್ಕಿತು. ನಮ್ಮ ಯಜಮಾನರೋ, ವೀಸಾ ಅರ್ಜಿ ಓದಿ ಓದಿ ಪಳಗಿದವರು. ಇಲ್ಲಿನ ರಾಜ್ಯದ ಮೀನುಗಾರಿಕೆ ನಿಯಮಗಳನ್ನೆಲ್ಲ ಪ್ರಿಂಟ್ ತೆಗೆದು, ಗೆರೆ ಎಳೆದು, "ಉರುಳು ನಡೆಯತ್ತೋ ಇಲ್ವೋ ನಂಗೆ ಕ್ಲಿಯರ್ ಆಗ್ತಿಲ್ಲ. ರಿಸ್ಕ್ ಬೇಡ, ರಿಟರ್ನ್ ಮಾಡು" ಎಂದರು. ಕೊನೆಗೆ ಉಳಿದದ್ದು ದಾರ, ಕೈಬಲೆ, ಅಳತೆಪಟ್ಟಿ. ಮೊಟ್ಟೆ ಹೊತ್ತ ಹೆಣ್ಣನ್ನು ಬಿಡಬೇಕು; ಚಿಪ್ಪು ತುದಿಯಿಂದ ತುದಿಗೆ ನಾಲ್ಕೂವರೆ ಇಂಚಾದರೂ ಇರಬೇಕು.

ಮೂವರೂ ಹೋಗಿ ಹಿನ್ನೀರಿನ ದಡದಲ್ಲಿ ಎರಡು ಗಂಟೆ ಕೂತೆವು. ಪಕ್ಕದಲ್ಲಿ ಏಡಿ ಹಿಡಿಯುತ್ತಿದ್ದ ಮುದುಕನ ಬಕೆಟ್ ತುಂಬುತ್ತಿತ್ತು, ನಮ್ಮ ದಾರ ಅಲುಗಲೂ ಇಲ್ಲ. ಅತ್ತೆ ದಾರ ಎಳೆದು, ತುದಿಗೆ ಎರೆಯಾಗಿ ಕಟ್ಟಿದ್ದ ಕೋಳಿ ಕುತ್ತಿಗೆಯನ್ನು ಮೂಸಿದರು. ಅದು ಹಳದಿಯಾಗಿತ್ತು. ಅಭ್ಯಾಸಬಲ ನೋಡಿ, ಉಪ್ಪು ಅರಿಶಿನ ಹಚ್ಚಿ ಏಡಿಯನ್ನು ಸೆಳೆಯುವ ವಾಸನೆಯೇ ಹೋಗುವ ಹಾಗೆ ಮೂರು ನೀರಲ್ಲಿ ತೊಳೆದು ತಂದಿದ್ದೆ.

"ಏಡಿನ ಅರಿಶಿನ-ಕುಂಕುಮಕ್ಕೆ ಕರ್ದದ್ದಾ ಹೆಣೆ?" ಎಂದರು ಅತ್ತೆ.

ಐದು ತಿಂಗಳಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ. ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಮುದುಕ ಏನೂ ಅರ್ಥವಾಗದೆ ತಾನೂ ನಗುತ್ತ ಒಂದು ಮೀನಿನ ತಲೆ ಕೊಟ್ಟ. ಅತ್ತೆ ಅದನ್ನು ಕಟ್ಟಿ ಇಳಿಬಿಟ್ಟು, ದಾರವನ್ನು ನನ್ನ ಬೆರಳಿಗೆ ಸುತ್ತಿ, "ನೀನ್ ಎಳಿಬ್ಯಾಡ. ಅದೇ ಎಳಿತ್ತ್, ಕಾಣ್" ಎಂದರು.

ಬಂತು, ಒಂದೇ ಒಂದು. ಅಳತೆಗೆ ನೂಲಿನಷ್ಟು ಕಡಿಮೆ. ಮಾರನೆಯ ದಿನವೇ ಅತ್ತೆಯ ವಿಮಾನ. ನಾನು ಪಟ್ಟಿಯನ್ನು ಓರೆಯಾಗಿ ಹಿಡಿದೂ ನೋಡಿದೆ. ನಮ್ಮ ನಿಯಮದ ಮನುಷ್ಯ ಕೂಡ ತಾಯಿಯ ಮುಖ ನೋಡಿ, "ಇರ್ಲಿ ಬಿಡು, ಬಕೆಟ್‌ಗೆ ಹಾಕು" ಅಂದುಬಿಟ್ಟರು.

ಅತ್ತೆ ನನ್ನ ಕೈಯಿಂದ ಬಲೆ ತೆಗೆದುಕೊಂಡು ನೀರಿಗೆ ಬಗ್ಗಿಸಿದರು. "ಬೆಳೀಲಿ ಮಾರಾಯ್ತಿ. ಬಪ್ಪ ವರ್ಷ ನಾವಿಬ್ರೂ ಬಂದ್ ಹಿಡುವ."

ಬಪ್ಪ ವರ್ಷ, ಅಂದರೆ ಬರುವ ವರ್ಷ! ಏಡಿ ಹೋದ ದಿಕ್ಕನ್ನು ನೋಡುವ ನೆಪದಲ್ಲಿ ಕಣ್ಣೊರೆಸಿಕೊಂಡೆ.

ನಾಳೆ ಮಧ್ಯಾಹ್ನ ಅವರು ಬಂದಿಳಿಯುತ್ತಾರೆ. ಹೋದ ಸಲ ಅವರು ಬರುವ ಹಿಂದಿನ ದಿನ ನನಗೆ ತಲೆನೋವು ಹತ್ತಿಕೊಂಡಿತ್ತು. ಇವತ್ತು ಬೆಳಗಿನಿಂದ ಮೂರು ಸಲ, ವಿಮಾನ ಎಲ್ಲಿದೆ ಎಂದು ಫೋನಿನಲ್ಲಿ ನೋಡಿದೆ. ಅದಿನ್ನೂ ಬೆಂಗಳೂರಿನಿಂದ ಹೊರಟೇ ಇಲ್ಲ.